ಮೊದಲೇ ಬಂದ ಆಮೆನ್

ಚಹಾದ ಮೇಲೆ ಕೆನೆ ಕಟ್ಟಿದ್ದು ಕಂಡರೆ ನನಗೆ ನಮ್ಮ ಅತ್ತೆ ನೆನಪಾಗುತ್ತಾರೆ. ಒಬ್ಬರನ್ನು ನೆನೆಯಲು ಇದಕ್ಕಿಂತ ಮರ್ಯಾದೆಯ ದಾರಿಗಳಿವೆ ಅನ್ನುವುದು ನನಗೂ ಗೊತ್ತು. ಗೋಡೆಯ ಮೇಲೆ ಅವರ ಫೋಟೋ ಇದೆ. ಅವರು ಓದಿ ಓದಿ ಅಂಚು ಸವೆಸಿದ ಸತ್ಯವೇದ ಕಪಾಟಿನಲ್ಲಿದೆ. ಎರಡನ್ನೂ ದಿನಾ ನೋಡುತ್ತೇನೆ, ಏನೂ ಆಗುವುದಿಲ್ಲ. ಕೆನೆ ಕಟ್ಟಿದ ಚಹಾ ಕಂಡರೆ ಮಾತ್ರ ಬೆನ್ನು ತಾನೇ ನೆಟ್ಟಗಾಗುತ್ತದೆ.

ಹೋದ ತಿಂಗಳು ಒಂದು ಶನಿವಾರ ಸಂಜೆ ವಿಲೆ ಪಾರ್ಲೆಯ ನಮ್ಮ ಮನೆಯಲ್ಲಿ ನಾಲ್ಕೂ ಕಪ್ಪುಗಳ ಮೇಲೆ ಕೆನೆ ಕಟ್ಟಿತ್ತು. ಯಾರೂ ಒಂದು ಗುಟುಕೂ ಕುಡಿದಿರಲಿಲ್ಲ. ಮೊಮ್ಮಗಳು ಕೃಪಾ ಬಿಸ್ಕೀಟು ಅದ್ದುತ್ತ, ನಾಳೆ ಮೊಸರು ತರಬೇಕು ಅನ್ನುವ ದನಿಯಲ್ಲಿ, ಆಗಷ್ಟೇ ಒಂದು ಮಾತು ಹೇಳಿದ್ದಳು.

"ಪಪ್ಪಾ, ನಾನು ಜಾಬ್ ಬಿಡ್ತೀನಿ. ಥಿಯಾಲಜಿ ಕಾಲೇಜಿಗೆ ಅಪ್ಲೈ ಮಾಡ್ತೀನಿ. ನಂಗೆ ಪಾಸ್ಟರ್ ಆಗಬೇಕು."

ಪಪ್ಪಾ ಅಂದರೆ ನನ್ನ ಮಗ ವಿಜಯ. ಬಾಯಿಯ ಹತ್ತಿರ ಒಯ್ದ ಕಪ್ಪನ್ನು ಹಾಗೇ ಕೆಳಗಿಟ್ಟ. "ಆಗೂದಿಲ್ಲ" ಅಂದ. ಎದ್ದು ಬಾಲ್ಕನಿಗೆ ಹೋಗಿ ಒಣಹಾಕಿದ ಬಟ್ಟೆ ತೆಗೆಯತೊಡಗಿದ. ಅವನು ಬಟ್ಟೆ ತೆಗೆದದ್ದನ್ನು ನಾನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹಸಿ ಇದ್ದವನ್ನೂ ತೆಗೆದ. ಸೊಸೆ ಶೈಲಾ ಬಿಸ್ಕೀಟಿನ ಡಬ್ಬಿಗೆ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಕೃಪಾಳ ಬಿಸ್ಕೀಟು ತುಂಡಾಗಿ ಚಹಾದಲ್ಲಿ ಮುಳುಗಿತು.

ಇದನ್ನೆಲ್ಲ ನಾನು ಫೋನಿನಲ್ಲಿ ಒಂದೇ ಬೆರಳಿನಿಂದ ಬರೆಯುತ್ತಿದ್ದೇನೆ. ಕಲಿಸಿದವಳು ಕೃಪಾನೇ. ಒತ್ತಕ್ಷರ ಬಂದಾಗಲೆಲ್ಲ ನಿಂತು ಉಸಿರು ತೆಗೆದುಕೊಳ್ಳಬೇಕಾಗುತ್ತದೆ. ಆದ್ದರಿಂದ ಎಲ್ಲಾದರೂ ಮಾತು ಸುತ್ತು ಹೊಡೆಯುತ್ತಿದೆ ಅನ್ನಿಸಿದರೆ, ಅಜ್ಜಿ ಯಾವುದೋ ಒತ್ತಕ್ಷರ ತಪ್ಪಿಸಿಕೊಂಡು ಬರುತ್ತಿದ್ದಾಳೆ ಎಂದು ತಿಳಿದು ತಾಳ್ಮೆಯಿಂದಿರಿ.

ಕೃಪಾ ದುಡಿಯುವುದು ಪರೇಲಿನಲ್ಲಿ, ತೀರಿಹೋದ ಅವಳ ಅಜ್ಜ ಮಗ್ಗ ನಡೆಸುತ್ತಿದ್ದ ಗಿರಣಿಯ ಜಾಗದಲ್ಲಿ ಎದ್ದ ಗಾಜಿನ ಬಿಲ್ಡಿಂಗಿನಲ್ಲಿ. ಅವಳು ಅಲ್ಲಿ ಏನು ಮಾಡುತ್ತಾಳೆಂದು ನಾನು ಎಷ್ಟೋ ಸಲ ಕೇಳಿದ್ದೇನೆ, ಅವಳೂ ಎಷ್ಟೋ ಸಲ ಹೇಳಿದ್ದಾಳೆ. ಇಬ್ಬರೂ ಈಗ ಆ ಪ್ರಯತ್ನ ಬಿಟ್ಟಿದ್ದೇವೆ. ಶನಿವಾರ ರಜೆ. ಆವತ್ತು ನಮ್ಮ ಕನ್ನಡ ಸಭೆಯ, ಅಂದರೆ ಚರ್ಚಿನ, ಕೆಲವರು ಪರೇಲಿನ ದೊಡ್ಡಾಸ್ಪತ್ರೆಗೆ ಹೋಗಿ, ಊರಿನ ಕಡೆಯಿಂದ ಬಂದ ರೋಗಿಗಳ ಜೊತೆ ಕೂತು ಬರುತ್ತಾರೆ. ಆಸ್ಪತ್ರೆಯ ಹೊರಗಿನ ಫುಟ್‌ಪಾತಿನ ಮೇಲೆ ಬೆಳಗಾವಿ, ವಿಜಯಪುರದ ಕಡೆಯ ಜನ ಗಂಟುಮೂಟೆ ಸಮೇತ ಇರುತ್ತಾರೆ. ಅವರಿಗೆ ಹಿಂದಿ ಬಾರದು. ಕೃಪಾಳಿಗೆ ಕನ್ನಡ ಅಷ್ಟಕ್ಕಷ್ಟೆ. ಆದರೂ ಹೋದಳು. ಗಂಗವ್ವ ಅನ್ನುವ ಹೆಂಗಸು ಇವಳ ಕೈ ಹಿಡಿದು "ನಂಗ ಒಂದೀಟು ಪ್ರಾರ್ಥನಿ ಮಾಡವಾ" ಅಂದಳಂತೆ. ಇವಳು ತನಗೆ ಗೊತ್ತಿದ್ದ ಕನ್ನಡ, ಗೊತ್ತಿಲ್ಲದ ಕಡೆ ಹಿಂದಿ, ಅದೂ ಸಾಲದಾದಾಗ ಇಂಗ್ಲಿಷು ಹಾಕಿ ಹೇಗೋ ಮುಗಿಸಿ ಕಣ್ಣು ಬಿಟ್ಟಳಂತೆ. ಗಂಗವ್ವ ಇವಳನ್ನೇ ನೋಡುತ್ತಿದ್ದಳಂತೆ.

"ನಿನ್ನ ಕನ್ನಡ ಭಾಳ ಕೆಟ್ಟದ ಮಗಳ. ಇನ್ನೊಮ್ಮೆ ಮಾಡು."

ಇವಳು ಇನ್ನೊಮ್ಮೆ ಮಾಡಿದಳು. ಮುಂದಿನ ಶನಿವಾರವೂ ಮಾಡಿದಳು. ಗಂಗವ್ವ ಊರಿಗೆ ಹೋದಳು, ಆ ಜಾಗಕ್ಕೆ ಬೇರೆಯವರು ಬಂದರು, ಇವಳು ಹೋಗುತ್ತಲೇ ಇದ್ದಳು. ದೇವರು ಜನರನ್ನು ಕರೆಯುವಾಗ ಗುಡುಗು ಮಿಂಚು ಇರುತ್ತದೆ ಎಂದು ನಾನು ಸಂಡೇ ಸ್ಕೂಲಿನಲ್ಲಿ ಕಲಿತಿದ್ದೆ. ನಮ್ಮ ಕೃಪಾಳನ್ನು ಕರೆದದ್ದು ಹೀಗೆ, ಅವಳ ಕನ್ನಡ ಸರಿಯಿಲ್ಲವೆಂದು ಹೇಳಿ.

ಅಪ್ಪನ ಒಪ್ಪಿಗೆಯಿಲ್ಲದೆಯೂ ಹೋಗುವ ವಯಸ್ಸು ಅವಳದು. ಆದರೆ ಪಾದ್ರಿಯಾಗಲು ಓದಲಿಕ್ಕೆ ಹೋಗುವವರಿಗೆ ತಮ್ಮ ಸಭೆಯ ಕಮಿಟಿಯ ಶಿಫಾರಸು ಬೇಕು. ಅದಕ್ಕೆ ಸೆಕ್ರೆಟರಿ ಸಹಿ ಮಾಡಬೇಕು. ನಮ್ಮ ಸಭೆಯ ಸೆಕ್ರೆಟರಿ ವಿಜಯ. ಈಗ ತಿಳಿಯಿತಲ್ಲ, ಹಸಿ ಬಟ್ಟೆ ಯಾಕೆ ಒಳಗೆ ಬಂದವು ಎಂದು.

ಅತ್ತೆಯ ಕಡೆಗೆ ಹೋಗುತ್ತೇನೆ. ಅವರು ಇದ್ದಿದ್ದರೆ ಇಷ್ಟು ಹೊತ್ತು ಕಾಯುತ್ತಿರಲಿಲ್ಲ.

ಅತ್ತೆ ಗದಗದ ಕಡೆಯ ಒಬ್ಬ ಪಾದ್ರಿಯವರ ವಿಧವೆ. ಮಾವನವರನ್ನು ನಾನು ನೋಡಿಲ್ಲ. ನಾನು ಮದುವೆಯಾಗಿ ಪರೇಲಿನ ಚಾಳಿಗೆ ಬರುವ ಹೊತ್ತಿಗೆ ಅತ್ತೆ ಮಗನ ಜೊತೆ ಮುಂಬೈಗೆ ಬಂದು ನೆಲೆಸಿದ್ದರು. ಒಂದು ಕೋಣೆ, ಒಂದು ಅಡುಗೆಯ ಮೂಲೆ, ಸಾಲಿನ ಕೊನೆಗೆ ನಲ್ಲಿ. ಗೋಡೆಯ ಆಚೆ ಬೀಬಿಜಾನ್ ಖಾಲಾ, ವಿಜಯಪುರದವರು, ಗಂಡನದು ಹೊಲಿಗೆಯ ಅಂಗಡಿ. ಗೋಡೆ ಅನ್ನುವುದು ಮರ್ಯಾದೆಗೆ ಇಟ್ಟ ಹೆಸರು. ಅವರು ಒಗ್ಗರಣೆ ಹಾಕಿದರೆ ನಾವು ಸೀನುತ್ತಿದ್ದೆವು.

ದಿನಾ ಸಂಜೆ, ನನ್ನವರು ಗಿರಣಿಯಿಂದ ಬಂದು ಕೈಕಾಲು ತೊಳೆದ ಮೇಲೆ, ಕುಟುಂಬ ಪ್ರಾರ್ಥನೆ. ಚಹಾ ಬಸಿದು, ಲೋಟಗಳನ್ನು ನಡುವೆ ಇಟ್ಟುಕೊಂಡು ನೆಲದ ಮೇಲೆ ಕೂರುತ್ತಿದ್ದೆವು. ಮೊದಲು ದೇವರು, ಆಮೇಲೆ ಚಹಾ. ಒಂದು ಹಾಡು, ಒಂದು ಅಧ್ಯಾಯ, ಆಮೇಲೆ ಒಬ್ಬೊಬ್ಬರಾಗಿ ಪ್ರಾರ್ಥನೆ. ಮೊದಲು ನನ್ನವರು, ನಂತರ ನಾನು, ಕೊನೆಗೆ ಅತ್ತೆ. ಪುಟ್ಟ ವಿಜಯ ನಡುವೆ ತೂಕಡಿಸುತ್ತ ಒಬ್ಬರಿಂದ ಒಬ್ಬರ ಮೇಲೆ ಬೀಳುತ್ತಿದ್ದ.

ಈ ಪ್ರಾರ್ಥನೆಗೆ ಮೂರು ಕಟ್ಟಳೆಗಳಿದ್ದವು. ಬರೆದಿಟ್ಟವಲ್ಲ, ಆದರೂ ಮೀರಿದವರಿಲ್ಲ. ಒಬ್ಬರು ಪ್ರಾರ್ಥಿಸುವಾಗ ಇನ್ನೊಬ್ಬರು ಆಮೆನ್ ಬಿಟ್ಟು ಬೇರೆ ಮಾತಾಡಬಾರದು. ಒಬ್ಬರ ಪ್ರಾರ್ಥನೆ ಮುಗಿದಾಗ ಎಲ್ಲರೂ ಆಮೆನ್, ಅಂದರೆ ಹಾಗೇ ಆಗಲಿ, ಅನ್ನಬೇಕು, ಅನ್ನದಿದ್ದರೆ ಆ ಪ್ರಾರ್ಥನೆ ಮುಗಿದ ಹಾಗಲ್ಲ. ಪ್ರಾರ್ಥನೆಯಲ್ಲಿ ಬಂದ ಮಾತನ್ನು ಎದ್ದ ಮೇಲೆ ಯಾರೂ ಎತ್ತಬಾರದು, ಅದು ದೇವರಿಗೆ ಹೇಳಿದ್ದು.

ಅತ್ತೆ ಸೊಸೆ ಇರುವ ಮನೆಗೆ ಇದಕ್ಕಿಂತ ಅನುಕೂಲದ ಕಟ್ಟಳೆ ಬೇಕೇ? ಹಗಲೆಲ್ಲ ನಾವಿಬ್ಬರೂ "ಅತ್ತೀ, ಉಪ್ಪಿನ ಡಬ್ಬಿ ಕೊಡ್ರಿ", "ತಗೋ ಮಗಳ" ಅನ್ನುವಷ್ಟು ಮೃದುವಾಗಿ ಇರುತ್ತಿದ್ದೆವು. ಸಂಜೆ ಕಣ್ಣು ಮುಚ್ಚಿದ ಕೂಡಲೇ ಜಗಳ ಶುರುವಾಗುತ್ತಿತ್ತು.

"ಪರಲೋಕದಲ್ಲಿರುವ ತಂದೆಯೇ," ಎಂದು ಅತ್ತೆ ಆರಂಭಿಸುವರು. ಅವರ ಪ್ರಾರ್ಥನೆ ಸತ್ಯವೇದದ ಭಾಷೆಯಲ್ಲಿ ಹೊರಟು, ಸಿಟ್ಟು ಏರಿದಂತೆ ಗದಗಕ್ಕೆ ಬಂದು ಇಳಿಯುತ್ತಿತ್ತು. "ನೀನು ಅನುಗ್ರಹಿಸಿದ ಆಹಾರಕ್ಕಾಗಿ ಸ್ತೋತ್ರ. ಈ ಆಹಾರವನ್ನು ಬೇಯಿಸಿದ ಕೈಗಳಿಗೆ ಜ್ಞಾನವನ್ನು ದಯಪಾಲಿಸು. ಇವತ್ತಿನ ಬ್ಯಾಳಿ ಹಸೀದಿತ್ತು ಅನ್ನೂದು ನಿನಗ ತಿಳಿಯದ ಸಂಗತಿ ಅಲ್ಲ."

ನಾನು ಕಣ್ಣು ಮುಚ್ಚಿಕೊಂಡು ಆಮೆನ್ ಅನ್ನಬೇಕು. ನನ್ನ ಹಸಿ ಬೇಳೆಗೆ ನಾನೇ ಆಮೆನ್. ಮರುದಿನ ನನ್ನ ಸರದಿ.

"ಕರ್ತನೇ, ಬ್ಯಾಳಿ ಬೇಯೂತನಕಾ ಕಾಯೂವಂಥ ಶಾಂತಿಯನ್ನ ಈ ಮನಿಯ ಹಿರಿಯರಿಗೆ ಕೊಡು. ಸೀಮೆಎಣ್ಣಿ ಉಳಸಲಿಕ್ಕೆ ಸ್ಟವ್ ಯಾರು ಲಗೂನ ಆರಿಸಿದ್ರು ಅನ್ನೂದನ್ನ ನೀನು ನೋಡೀದಿ."

"ಆಮೆನ್" ಅನ್ನುವರು ಅತ್ತೆ, ಹಲ್ಲು ಬಿಗಿದು. ಗೋಡೆಯ ಆಚೆಯಿಂದ ಬೀಬಿಜಾನ್ ಖಾಲಾ ಕೂಡ "ಆಮೀನ್" ಅನ್ನುತ್ತಿದ್ದರು. ಮರುದಿನ ನಲ್ಲಿಯ ಹತ್ತಿರ ಕೊಡ ಇಡುತ್ತ ನನ್ನ ಕಿವಿಯಲ್ಲಿ ತೀರ್ಪು ಹೇಳುವರು. "ನಿನ್ನಿ ನಿಮ್ಮತ್ತಿ ಗೆದ್ರವಾ. ಇವತ್ತು ನೀ ಜರಾ ಜೋರ್ ಲಗಾ."

ನನ್ನವರ ಪ್ರಾರ್ಥನೆ ಮಾತ್ರ ಎಂದಿಗೂ ಒಂದೇ ರೀತಿ. ಎಲ್ಲದಕ್ಕೂ ಸ್ತೋತ್ರ, ಎಲ್ಲರನ್ನೂ ಕಾಪಾಡು. ಅದು ಎಲ್ಲಿ ಮುಗಿಯುತ್ತದೆಂದು ಗೊತ್ತಿದ್ದುದರಿಂದ ಅವರು ಅರ್ಧಕ್ಕೆ ಬಂದಾಗಲೇ ಅತ್ತೆ ದೊಡ್ಡದಾಗಿ ಆಮೆನ್ ಅಂದುಬಿಡುತ್ತಿದ್ದರು. ಪಾಪ, ನನ್ನವರು ಉಳಿದರ್ಧವನ್ನು ಒಳಗೇ ಇಟ್ಟುಕೊಂಡು ಸುಮ್ಮನಾಗುವರು. ಸಭೆಯಲ್ಲಿಯೂ ಹಾಗೇ. ಹಿರಿಯರ ಪ್ರಾರ್ಥನೆ ಉದ್ದವಾದರೆ ಹೆಂಗಸರ ಸಾಲಿನಿಂದ ಅತ್ತೆಯ ಆಮೆನ್ ಬಂತೆಂದೇ ಲೆಕ್ಕ. ನನ್ನ ಪ್ರಾರ್ಥನೆಯನ್ನು ಮಾತ್ರ ಅವರು ಕಡೆಯ ಮಾತಿನವರೆಗೂ ಕೇಳುತ್ತಿದ್ದರು. ಕೇಳದೆ ಉತ್ತರ ಕೊಡುವುದು ಹೇಗೆ?

ಇಷ್ಟೆಲ್ಲ ಆಗುವ ಹೊತ್ತಿಗೆ ಚಹಾದ ಮೇಲೆ ಕೆನೆ ಕಟ್ಟಿ ಕೂತಿರುತ್ತಿತ್ತು. ನಾನು ಬೆರಳಿನಿಂದ ಎತ್ತಿ ಲೋಟದ ಅಂಚಿಗೆ ಒರೆಸುತ್ತಿದ್ದೆ. ಅತ್ತೆ ಕೆನೆ ಸಮೇತ ಕುಡಿಯುತ್ತಿದ್ದರು. "ಅದರಾಗೇ ತಾಕತ್ತು ಇರ್ತದ" ಅನ್ನುವರು. ತಾಕತ್ತು ಅವರಲ್ಲಿ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಹಾಗೆ ನೋಡಿದರೆ ಅತ್ತೆಯಷ್ಟು ಚೆನ್ನಾಗಿ ಪ್ರಾರ್ಥನೆ ಮಾಡುವವರನ್ನು ನಾನು ಇದುವರೆಗೂ ಕಂಡಿಲ್ಲ. ಬೇಳೆಯ ವಿಷಯ ಬಿಡಿ. ಚಾಳಿನಲ್ಲಿ ಯಾರಿಗಾದರೂ ಜಡ್ಡು ಬಂದು ಅವರು ಕೂತು ಪ್ರಾರ್ಥಿಸಿದರೆ, ದೇವರು ಬಾಗಿಲ ಹತ್ತಿರವೇ ನಿಂತು ಚಪ್ಪಲಿ ಬಿಡುತ್ತಿದ್ದಾನೆ ಅನ್ನಿಸುತ್ತಿತ್ತು. ಆದರೆ ಸಭೆಯಲ್ಲಿ ಮುಂದೆ ನಿಂತು ಮಾತಾಡುವುದು ಆಗ ಗಂಡಸರ ಕೆಲಸ. ಹೆಂಗಸರಿಗೆ ತಿಂಗಳಿಗೊಮ್ಮೆ ಸ್ತ್ರೀಯರ ಕೂಟ, ಅಲ್ಲಿ ಚಕ್ಕುಲಿ.

ಒಂದು ಭಾನುವಾರ ಲೋಕಲ್ ರೈಲು ನಿಂತುಹೋಗಿ ಪಾದ್ರಿ ಬರಲೇ ಇಲ್ಲ. ನಮ್ಮದು ಸ್ವಂತ ದೇವಾಲಯವಲ್ಲ. ದಾದರಿನಲ್ಲಿ ಒಂದು ಮರಾಠಿ ಸಭೆಯವರ ಕಟ್ಟಡ, ಅವರ ಆರಾಧನೆ ಮುಗಿದ ಮೇಲೆ ನಮಗೆ ಬಿಡುತ್ತಾರೆ. ಆವತ್ತು ಎಲ್ಲರೂ ಕೂತಿದ್ದೇವೆ, ಹಾಡಿದ್ದಾಯಿತು, ಇನ್ನೊಂದು ಹಾಡಿದ್ದಾಯಿತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ, ಪಾದ್ರಿಯ ಬದಲು ನಿಂತು ಪ್ರಸಂಗ ಹೇಳಲು ಒಬ್ಬರಿಗೂ ಧೈರ್ಯವಿಲ್ಲ. ಅಷ್ಟರಲ್ಲಿ ಅತ್ತೆ ಎದ್ದರು. ಸೆರಗು ಸರಿಮಾಡಿಕೊಂಡು ನಡುವಿನ ದಾರಿಯಲ್ಲಿ ನೆಟ್ಟಗೆ ಮುಂದಕ್ಕೆ ನಡೆದರು. ಪ್ರಸಂಗಪೀಠದ ಹತ್ತಿರ ಹೋಗಿ ನಿಂತರು. ಎಲ್ಲರ ಕಡೆ ಒಂದು ಸಲ ನೋಡಿದರು. ಆಮೇಲೆ ಅಲ್ಲಿದ್ದ ಹೂದಾನಿಯನ್ನು ಅರ್ಧ ಗೇಣು ಆಚೆ ಸರಿಸಿ, ವಾಪಸು ಬಂದು ನನ್ನ ಪಕ್ಕ ಕೂತರು.

"ಸೊಟ್ಟ ಇತ್ತು" ಅಂದರು.

ಸೊಟ್ಟ ಇರಲಿಲ್ಲ.

ಇದಾದ ಕೆಲವು ದಿನಕ್ಕೆ ನನಗೆ ಪರೇಲಿನ ಒಂದು ಕನ್ನಡ ಶಾಲೆಯಲ್ಲಿ ಟೀಚರ ಕೆಲಸ ಸಿಗುವ ಹಾಗಾಯಿತು. ಅತ್ತೆ ಬೇಡವೆಂದರು, ಅಂದರೆ ದೇವರಿಗೆ ಹೇಳಿದರು. ಗಂಡನ ಪಗಾರ ಇರುವಾಗ ಹೊಸ್ತಿಲು ದಾಟುವವರ ಮನಸ್ಸನ್ನು ತಿದ್ದು, ಮನೆಯಲ್ಲಿ ಸಣ್ಣ ಕೂಸಿದೆ ಅನ್ನುವುದನ್ನು ಅವರಿಗೆ ನೆನಪಿಸು, ಇತ್ಯಾದಿ. ನಾನೂ ಬಿಡಲಿಲ್ಲ, ಓದಿಸಿದ ನನ್ನ ಅಪ್ಪನ ಶ್ರಮವನ್ನು ದೇವರಿಗೆ ನೆನಪಿಸಿದೆ. ನಡುವೆ ನನ್ನವರು ಎಲ್ಲರನ್ನೂ ಕಾಪಾಡು ಅನ್ನುತ್ತಿದ್ದರು. ಆಚೆ ಖಾಲಾ ಗಂಡನ ಊಟಕ್ಕೆ ತಡಮಾಡಿ ಗೋಡೆಗೆ ಅಂಟಿ ಕೂರುತ್ತಿದ್ದರು.

ಒಂದು ಸಂಜೆ ನಾನು ದಾರಿ ಬದಲಿಸಿದೆ. ದೂರುವುದನ್ನು ಬಿಟ್ಟು ಹೊಗಳತೊಡಗಿದೆ. "ಕರ್ತನೇ, ಇಂಥ ಅತ್ತೀನ ಕೊಟ್ಟಿದ್ದಕ್ಕ ಸ್ತೋತ್ರ. ನಾನು ಸಾಲಿಗೆ ಹೋದಾಗ ಕೂಸನ್ನ ನೋಡಿಕೊಳ್ಳೋ ತಾಕತ್ತು ಅವರಿಗೆ ನೀನೇ ಕೊಟ್ಟೀದಿ. ಅವರು ಹೂಂ ಅಂದು ನನ್ನನ್ನ ಕಳಸೂವಂಗ..."

"ಆಮೆನ್!"

ನಾನು ಇನ್ನೂ ಮುಗಿಸಿರಲಿಲ್ಲ. ಅತ್ತೆಯ ಆಮೆನ್ ಕೋಣೆ ತುಂಬ ಬಿತ್ತು, ಆಚೆಯಿಂದ ಖಾಲಾರದೂ ಬಿತ್ತು. ನಿದ್ದೆಯಲ್ಲಿದ್ದ ವಿಜಯ ಕೂಡ ಎದ್ದು ಆಮೆನ್ ಅಂದ. ಅತ್ತೆ ತಮ್ಮ ಸರದಿಯಲ್ಲಿ ಬೇರೆ ಏನೂ ಹೇಳದೆ ಎಲ್ಲರಿಗೂ ಬಾಯಿಪಾಠವಾದ ಕರ್ತನ ಪ್ರಾರ್ಥನೆ ಮಾತ್ರ ಹೇಳಿ ಮುಗಿಸಿ, ಕೆನೆ ಸಮೇತ ಚಹಾ ಕುಡಿದರು.

ಬೆಳಿಗ್ಗೆ ಎದ್ದಾಗ ಸ್ಟವ್ ಆಗಲೇ ಹೊತ್ತಿತ್ತು. ರೊಟ್ಟಿಯ ಡಬ್ಬಿ ಕಟ್ಟಿತ್ತು.

"ದೇವರ ಮುಂದ ಆಮೆನ್ ಅಂದಬಿಟ್ಟೀನಿ," ಎಂದರು ಅತ್ತೆ, ತವೆಯ ಕಡೆ ನೋಡುತ್ತ. "ಬಾಯಿ ರೂಢಿ. ಈಗ ಏನು ಮಾಡ್ಲಿಕ್ಕಾಗ್ತದ? ಹೋಗು. ಮಂದಿ ಮುಂದ ನಿಂತಾಗ ಗಟ್ಟಿಯಾಗಿ ಮಾತಾಡು, ಒಳಗೊಳಗ ಗುಣಗುಣ ಅನಬ್ಯಾಡ."

ನಾನು ಅತ್ತೆಯನ್ನು ಬಲೆಗೆ ಬೀಳಿಸಿದೆನೆಂದು ನಲ್ಲಿಯ ಹತ್ತಿರ ಖಾಲಾಗೆ ಹೇಳಿ ಇಬ್ಬರೂ ನಕ್ಕೆವು. ಮುಂದೆ ನಿವೃತ್ತಿಯಾಗುವವರೆಗೂ ಮಕ್ಕಳಿಗೆ ಕಲಿಸಿದೆ. ಅಷ್ಟೂ ವರ್ಷ ಆ ಜಾಣತನದ ಬಗ್ಗೆ ನನಗೆ ಹೆಮ್ಮೆಯಿತ್ತು. ಯಾರಾದರೂ ಸಿಕ್ಕರೆ ಹೇಳಿಕೊಳ್ಳುತ್ತಿದ್ದೆ.

ಈಗ ವಿಲೆ ಪಾರ್ಲೆಗೆ ಬನ್ನಿ. ಇಲ್ಲಿ ಗೋಡೆಗಳು ಗಟ್ಟಿ. ಪಕ್ಕದ ಮನೆಯವರು ಇದ್ದಾರೋ ಇಲ್ಲವೋ ತಿಳಿಯುವುದಿಲ್ಲ. ಕುಟುಂಬ ಪ್ರಾರ್ಥನೆ ಈಗ ಫೋನಿನೊಳಗೆ ಹೋಗಿದೆ. ವಿಜಯ ಬೆಳಿಗ್ಗೆ ಏರ್‌ಪೋರ್ಟಿನ ಕಾರ್ಗೋ ಆಫೀಸಿಗೆ ಹೊರಡುವ ಮೊದಲು ಮನೆಯ ಗ್ರೂಪಿಗೆ ಒಂದು ವಚನ ಕಳಿಸುತ್ತಾನೆ. ನಾವು ಮೂವರು ಮೂರು ಕೋಣೆಗಳಿಂದ ಕೈ ಮುಗಿಯುವ ಚಿತ್ರ ಕಳಿಸುತ್ತೇವೆ. ಜಗಳಕ್ಕೆ ಅಲ್ಲಿ ಜಾಗವೇ ಇಲ್ಲ.

ಆ ಶನಿವಾರದ ನಂತರ ಮನೆ ತಣ್ಣಗಾಯಿತು. ಅಪ್ಪ ಮಗಳು ಒಬ್ಬರಿಗೊಬ್ಬರು ಬೇಕಾದದ್ದನ್ನು ಶೈಲಾಳ ಮೂಲಕ ಕೇಳುತ್ತಿದ್ದರು. ಶೈಲಾ ಮರಾಠಿಯವಳು, ನಗರ ಜಿಲ್ಲೆಯ ಕಡೆಯವಳು. ಗಂಡನ ಕನ್ನಡ, ಮಗಳ ಇಂಗ್ಲಿಷು, ಎರಡನ್ನೂ ಅತ್ತಿಂದಿತ್ತ ಹೊತ್ತು ಸೋತು, ಒಂದು ದಿನ ಅಡುಗೆಮನೆಯಲ್ಲಿ ನನ್ನನ್ನು ಹಿಡಿದಳು.

"ಆಯಿ, ನೀವೇ ಏನಾದ್ರೂ ಕರಾ ನಾ. ಅವ್ರು ನಂಗೂ ಕಾರಣ ಸಾಂಗತ್ ನಾಹಿ, ಹೇಳಲ್ಲ. ಫಕ್ತ ಆಗೂದಿಲ್ಲ, ಆಗೂದಿಲ್ಲ."

ಕಾರಣ ನನಗೂ ಗೊತ್ತಿರಲಿಲ್ಲ. ಹೆಣ್ಣು ಪಾದ್ರಿ ಅವನಿಗೆ ಒಪ್ಪಿಗೆಯಿಲ್ಲವೋ, ಕೈತುಂಬ ಪಗಾರ ಬಿಟ್ಟು ಹೋಗುತ್ತಾಳೆಂದು ಸಂಕಟವೋ, ಮದುವೆಯ ಚಿಂತೆಯೋ. ಆದರೆ ನನ್ನ ಹತ್ತಿರ ಹಳೆಯ ಉಪಾಯ ಇತ್ತಲ್ಲ. ನನ್ನ ಹುಟ್ಟುಹಬ್ಬಕ್ಕೆ ಸೀರೆ ಬೇಡ, ಕೇಕು ಬೇಡ, ಒಂದು ಸಂಜೆ ಎಲ್ಲರೂ ನೆಲದ ಮೇಲೆ ಕೂತು ಮೊದಲಿನ ಹಾಗೆ ಪ್ರಾರ್ಥನೆ ಮಾಡಬೇಕು ಎಂದೆ. ಹುಟ್ಟುಹಬ್ಬ ಇನ್ನೂ ದೂರ ಇತ್ತು. ಅದು ಯಾರಿಗೂ ನೆನಪಿರಲಿಲ್ಲ ಅನ್ನುವುದು ಒಂದು ಕಡೆ ಬೇಜಾರು, ಇನ್ನೊಂದು ಕಡೆ ಅನುಕೂಲ.

ಕೂತೆವು. ನನ್ನನ್ನು ನೆಲದ ಮೇಲೆ ಇಳಿಸಲು ಇಬ್ಬರು ಬೇಕಾಯಿತು. ಚಹಾ ನಡುವೆ ಇಟ್ಟೆವು. ಕಟ್ಟಳೆಗಳನ್ನು ಮತ್ತೊಮ್ಮೆ ಹೇಳಿದೆ.

"ಹಿರಿಯರು ಕಡೀಕ ಅಲ್ಲೇನವ್ವ?" ಎಂದ ವಿಜಯ. ಅವನಿಗೆ ಎಲ್ಲ ನೆನಪಿದೆ.

"ವಯಸ್ಸಾತಪಾ, ಕಡೀತನಕಾ ಕಾದ್ರ ನಿದ್ದಿ ಬರ್ತದ. ನಾ ಮೊದಲ ಮಾಡ್ತೀನಿ," ಎಂದು ಕಣ್ಣು ಮುಚ್ಚಿದೆ.

ಅತ್ತೆಯನ್ನು ಹೊಗಳಿದ ಹಾಗೆಯೇ ಮಗನನ್ನು ಹೊಗಳಿದೆ. ಇಂಥ ತಿಳಿವಳಿಕೆಯ ಮಗನನ್ನು ಕೊಟ್ಟಿದ್ದಕ್ಕೆ ಸ್ತೋತ್ರ, ಸಭೆಯ ಕೆಲಸಕ್ಕೆ ಅವನನ್ನು ಎತ್ತಿದ್ದಕ್ಕೆ ಸ್ತೋತ್ರ. ಆಮೇಲೆ ಮೆಲ್ಲಗೆ, "ಮಗಳ ಕಾಗದಕ್ಕ ಸಹಿ ಹಾಕೂವಂಥ ಮನಸ್ಸನ್ನ ಅವಗ ಕೊಟ್ಟೀಯಲ್ಲಾ, ಅದಕ್ಕ ಮುಂಗಡ ಸ್ತೋತ್ರ" ಎಂದು ಸೇರಿಸಿ ನಿಲ್ಲಿಸಿದೆ.

ಶೈಲಾ ಆಮೆನ್ ಅಂದಳು. ಕೃಪಾ ಆಮೆನ್ ಅಂದಳು. ವಿಜಯ ಅನ್ನಲಿಲ್ಲ.

ನಾನು ಮರೆತದ್ದು ಇಷ್ಟೇ. ಅವನೂ ಆ ಕೋಣೆಯಲ್ಲೇ ಬೆಳೆದವನು, ನಿದ್ದೆ ಮಾಡುತ್ತಿದ್ದಾನೆಂದು ನಾವು ಅಂದುಕೊಂಡಾಗಲೂ ಕೇಳಿಸಿಕೊಂಡವನು. ಎಲ್ಲರೂ ಆಮೆನ್ ಅನ್ನದೆ ಪ್ರಾರ್ಥನೆ ಮುಗಿಯುವಂತಿಲ್ಲ. ಕಣ್ಣು ಮುಚ್ಚಿ ಕೂತೆವು. ತಲೆಯ ಮೇಲೆ ಒಂದು ವಿಮಾನ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ನನ್ನ ಎಡಗಾಲು ಜೋಮು ಹಿಡಿಯಿತು. ಕಣ್ಣು ತುಸು ತೆರೆದು ನೋಡಿದೆ. ವಿಜಯನ ಕಣ್ಣು ಬಿಗಿಯಾಗಿ ಮುಚ್ಚಿತ್ತು, ತುಟಿ ಅದಕ್ಕಿಂತ ಬಿಗಿಯಾಗಿ.

ಆಗ ಕೃಪಾ ಶುರುಮಾಡಿದಳು. ಗಂಗವ್ವ ಹೇಳಿದ್ದು ಸುಳ್ಳಲ್ಲ, ಕನ್ನಡ ಇನ್ನೂ ಅಷ್ಟೇನೂ ಸುಧಾರಿಸಿಲ್ಲ.

"ಕರ್ತನೇ, ಪಪ್ಪಾಗೆ ಗುಸ್ಸಾ ಬಂದಿದೆ ಅಂತ ನಾನು ಸಮಝ್ ಮಾಡಿಕೊಂಡಿದ್ದೆ. ಅದು ಗುಸ್ಸಾ ಅಲ್ಲ ಅನ್ಸತ್ತೆ. ಪಪ್ಪಾಗೆ ಡರ್ ಆಗ್ತಿದೆ. ಯಾವ ಡರ್ ಅಂತ ನಂಗೆ ಗೊತ್ತಿಲ್ಲ. ಪ್ಲೀಸ್, ಅದನ್ನ ಹೇಳಕ್ಕೆ ಪಪ್ಪಾಗೆ ಹೆಲ್ಪ್ ಮಾಡು. ನಾನು ಕೇಳ್ತೀನಿ. ಬೀಚ್ ಮೇ ಮಾತಾಡಲ್ಲ. ಸಹಿ ಬಗ್ಗೆ ಇವತ್ತು ಏನೂ ಬೇಡ. ಆಮೆನ್."

ನಾವೆಲ್ಲ ಆಮೆನ್ ಅಂದೆವು. ವಿಜಯನೂ ಅಂದ. ನನ್ನ ಅಷ್ಟು ದೊಡ್ಡ ಬಲೆಯ ಪಕ್ಕದಲ್ಲೇ ಅವಳು ಸುಮ್ಮನೆ ಬಾಗಿಲು ತೆರೆದು ಕೂತಿದ್ದಳು.

ವಿಜಯ ಗಂಟಲು ಸರಿಮಾಡಿಕೊಂಡ. "ಪರಲೋಕದಲ್ಲಿರುವ ತಂದೆಯೇ" ಎಂದು ಅವನಜ್ಜಿಯ ಹಾಗೆಯೇ ಹೊರಟ. ಆದರೆ ಗದಗಕ್ಕೆ ಬಹಳ ಬೇಗ ಬಂದು ಇಳಿದ.

"ನಾವು ಏನು ಮಾಡ್ತೀವಿ ಅನ್ನೂದು ನಿನಗ ಗೊತ್ತದ. ಐತವಾರ ಮಧ್ಯಾಹ್ನ ಉಣ್ಣಲಿಕ್ಕೆ ಕೂತಾಗ ನಾವು ಏನು ತಿಂತೀವಿ, ಅದೂ ಗೊತ್ತದ."

ಇಲ್ಲಿ ನಾನು ನಿಮಗೆ ಒಂದು ವಿಷಯ ತಿಳಿಸಬೇಕು. ಭಾನುವಾರ ಆರಾಧನೆ ಮುಗಿಸಿ ದಾದರಿನಿಂದ ಲೋಕಲ್ ಹಿಡಿದು ಮನೆಗೆ ಬಂದಾಗ ನಮ್ಮಲ್ಲಿ ಎರಡು ಪದಾರ್ಥ ಇರುತ್ತವೆ. ಒಂದು ಮಟನ್, ಇನ್ನೊಂದು ಪಾದ್ರಿ. ಪ್ರಸಂಗ ಉದ್ದವಾಯಿತು, ದನಿ ಏರಲಿಲ್ಲ, ಹೋದ ವರ್ಷದ್ದನ್ನೇ ಹೇಳಿದರು, ಕೂಸು ಅಳುವಾಗ ಅವರ ಹೆಂಡತಿ ಹೊರಗೆ ಹೋಗಬಾರದಿತ್ತೇ. ಈ ಎರಡನೆಯದನ್ನು ಬಡಿಸುವವನು ವಿಜಯ. ನಾನೂ ಎಲುಬು ಚೀಪಿದ್ದೇನೆ. ನಮ್ಮ ಮನೆಯೊಂದೇ ಅಲ್ಲ, ಆ ಹೊತ್ತಿಗೆ ಡೊಂಬಿವಲಿಯಿಂದ ಮೀರಾ ರೋಡಿನವರೆಗೆ ನಮ್ಮ ಸಭೆಯ ಎಲ್ಲರ ತಾಟಿನಲ್ಲೂ ಅದೇ ಇರುತ್ತದೆ. ಹಿಂದೆ ಇದ್ದ ಪಾದ್ರಿಯವರ ವಿಷಯದಲ್ಲಿ ಅದು ತಾಟು ದಾಟಿ ಕಮಿಟಿಗೆ ಹೋಯಿತು. ಕಮಿಟಿ ಮೇಲಿನವರಿಗೆ ಹೇಳಿ ಅವರನ್ನು ಬದಲಿ ಮಾಡಿಸಿತು. ನಡುವರ್ಷದಲ್ಲಿ ಮಕ್ಕಳ ಶಾಲೆ ಬಿಡಿಸಿಕೊಂಡು ಹೋದರು.

"ಅವರು ಸಾಮಾನು ಹೇರೂಮುಂದ ನಾ ಹೋಗಿದ್ನೆಪಾ," ವಿಜಯ ದೇವರಿಗೆ ಹೇಳುತ್ತಿದ್ದ. "ಅವರ ಹೆಂಡ್ತಿಯ ಅಪ್ಪ ಬಂದಿದ್ರು, ಹಗ್ಗ ಕಟ್ಟಲಿಕ್ಕೆ. ಹಿರಿ ಮನಷ್ಯಾ. ನಾ ಯಾರು ಅಂತ ಗೊತ್ತಿಲ್ಲದ ನಂಗೇ ಕೇಳಿದ್ರು, ನನ್ನ ಮಗಳು ಇಲ್ಲೆ ಏನು ತಪ್ಪು ಮಾಡಿದ್ಲು ಅಂತ. ನಾ ಹಗ್ಗದ ಇನ್ನೊಂದು ತುದಿ ಹಿಡಕೊಂಡು ನಿಂತಿದ್ದೆ. ಅದು ಬರೇ ಪಾದ್ರಿ ಹೆಂಡ್ತಿಗೆ ನಾವು ಮಾಡಿದ್ದು. ಹೆಣ್ಣಮಗಳೇ ಪಾದ್ರಿ ಆದ್ರ ನಾವು ಸೀರಿಯಿಂದ ಶುರು ಮಾಡ್ತೀವಿ. ನಮ್ಮಂಥ ಮಂದಿ ಕೈಯಾಗ ನಾ ನನ್ನ ಮಗಳನ್ನ ಹ್ಯಾಂಗ ಕೊಡ್ಲಿ?"

ಅಷ್ಟಕ್ಕೆ ನಿಂತ. ಆಮೆನ್ ಅನ್ನಲು ಮರೆತ. ನಾವೂ ಯಾರೂ ಅನ್ನಲಿಲ್ಲ. ಆಮೆನ್ ಅಂದರೆ ಯಾವುದಕ್ಕೆ ಅಂದ ಹಾಗೆ? ಶೈಲಾ ಮೂಗು ಒರೆಸಿಕೊಂಡು ಕಪ್ಪುಗಳನ್ನು ಕೊಟ್ಟಳು. ನಾನು ರೂಢಿಯಂತೆ ಬೆರಳಿನಿಂದ ಕೆನೆ ಎತ್ತಿದೆ. ನನ್ನದೊಂದು, ವಿಜಯ ಹೇಳಿದ್ದೊಂದು, ಎರಡು ಪ್ರಾರ್ಥನೆಗಳು ಮುಗಿಯದೆ ನಮ್ಮ ಮನೆಯಲ್ಲಿ ತೆರೆದೇ ಉಳಿದವು. ಕಟ್ಟಳೆಯ ಪ್ರಕಾರ ಆ ವಾರವೆಲ್ಲ ಯಾರೂ ಮಾತೆತ್ತಲಿಲ್ಲ. ಆದರೆ ಅಪ್ಪ ಮಗಳು ಉಪ್ಪಿನಕಾಯಿಯನ್ನು ನೇರವಾಗಿ ಕೇಳತೊಡಗಿದರು.

ಭಾನುವಾರ ಬಂತು. ಆವತ್ತು ಮೆಗಾ ಬ್ಲಾಕೆಂದು ಅರ್ಧ ಲೋಕಲ್ ಇರಲಿಲ್ಲ, ಸಭೆಯಲ್ಲಿ ಫ್ಯಾನು ಕೆಟ್ಟಿತ್ತು, ಈಗಿನ ಪಾದ್ರಿ ಮೂರು ಸಲ "ಕೊನೆಯದಾಗಿ" ಅಂದರು. ಇದಕ್ಕಿಂತ ರುಚಿಯಾದ ಭಾನುವಾರ ವಿಜಯನಿಗೆ ಸಿಕ್ಕಿರಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತೆವು. ಶೈಲಾ ಮಟನ್ ಬಡಿಸಿದಳು. ನಾವು ಮೂವರೂ ಎರಡನೆಯ ಪದಾರ್ಥಕ್ಕೆ ಕಾದೆವು. ವಿಜಯ ಬಾಯಿ ತೆರೆದ. ಮುಚ್ಚಿದ. ಒಂದು ತುಂಡು ಹಾಕಿಕೊಂಡು ಅಗಿದ.

"ಮಟನ್ ಚೊಲೋ ಆಗೇದ," ಎಂದ.

ಶೈಲಾ ಗಾಬರಿಯಾಗಿ ಅವನ ಹಣೆ ಮುಟ್ಟಿ ನೋಡುವುದೊಂದು ಬಾಕಿ. ಮದುವೆಯಾದಾಗಿನಿಂದ ಆ ಮಟನ್ನಿನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ, ಪಾದ್ರಿಯೇ ಎಲ್ಲ ಹೊತ್ತನ್ನೂ ತೆಗೆದುಕೊಳ್ಳುತ್ತಿದ್ದರು. ಪಾದ್ರಿಯಿಲ್ಲದೆ ನಮ್ಮ ಊಟ ಎಷ್ಟು ಗಿಡ್ಡ ಅನ್ನುವುದು ಆವತ್ತೇ ತಿಳಿದದ್ದು.

ಮೊಸರಿನ ಹೊತ್ತಿಗೆ ವಿಜಯ ತಾಟಿನ ಕಡೆ ನೋಡುತ್ತ ಅಂದ. "ಕೃಪಾ."

"ಹಾಂ ಪಪ್ಪಾ."

"ನೀ ನಿಂತಾಗ ಇಪ್ಪತ್ತು ನಿಮಿಷದಾಗ ಮುಗಿಸಬೇಕು ನೋಡು. ಅದರ ಮ್ಯಾಲ ನಮ್ಮ ಮಂದಿ ತಡಕೊಳ್ಳೂದಿಲ್ಲ. ಆ ಕಾಗದ ಎಲ್ಲದ ಅದು, ತಂದಿಡು. ಆದ್ರ ನಾ ಇನ್ನೂ ಒಂದೆರಡು ಮಾತು..."

"ಆಮೆನ್!" ಎಂದೆ ನಾನು.

ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೇ ಗೊತ್ತಿರಲಿಲ್ಲ. ಕೃಪಾಳ ಕೈಯಿಂದ ಚಮಚ ಬಿತ್ತು.

"ಅವ್ವ, ನಾ ಇನ್ನೂ ಮುಗಿಸಿಲ್ಲ."

"ಗೊತ್ತದ. ಉಣ್ಣು."

ಅವನು ನನ್ನನ್ನು ನೋಡಿದ. ಆ ನೋಟ ನನಗೆ ಗುರುತಿನದು. ಚಾಳಿನಲ್ಲಿ ಒಂದು ಸಂಜೆ ನಾನು ಅತ್ತೆಯನ್ನು ಹಾಗೆಯೇ ನೋಡುತ್ತಿದ್ದೆನೇನೋ, ಕಣ್ಣು ಬಿಟ್ಟಿದ್ದರೆ. ಆಮೇಲೆ ಅವನು ತಲೆ ತಗ್ಗಿಸಿ, ಬಹಳ ಸಣ್ಣದಾಗಿ, ಆಮೆನ್ ಅಂದ. ತೆರೆದೇ ಉಳಿದಿದ್ದ ಎರಡು ಪ್ರಾರ್ಥನೆಗಳೂ ಒಟ್ಟಿಗೆ ಮುಗಿದವು.

ಆ ಸಂಜೆ ಮನೆಯವರೆಲ್ಲ ಕಾಗದದ ಮುಂದೆ ಕೂತಿದ್ದರು. ನಾನು ಬಾಲ್ಕನಿಯಲ್ಲಿ ಚಹಾ ಹಿಡಿದು ಕೂತೆ. ನನ್ನ ಆಮೆನ್ ಬಾಯಿ ರೂಢಿಯಿಂದ ಬಂದದ್ದೇ? ಅಲ್ಲ. ಅವನ ಒಂದೆರಡು ಮಾತು ಹೊರಬಿದ್ದರೆ ನಾಲ್ಕಾಗುತ್ತವೆ, ನಾಲ್ಕಾದರೆ ಅವನು ಮತ್ತೆ ಹೆದರುತ್ತಾನೆ ಎಂದು ಗೊತ್ತಿದ್ದೇ ನಾನು ಬಾಗಿಲು ಹಾಕಿದ್ದು. ಹಾಗಾದರೆ ಪರೇಲಿನ ಆ ಸಂಜೆ? ಎಲ್ಲರ ಪ್ರಾರ್ಥನೆಗೂ ಮೊದಲೇ ಆಮೆನ್ ಅನ್ನುತ್ತಿದ್ದ ಅತ್ತೆ, ನನ್ನದೊಂದನ್ನು ಮಾತ್ರ ಕಡೆಯ ಮಾತಿನವರೆಗೆ ಕೇಳುತ್ತಿದ್ದ ಅತ್ತೆ, ಅದೊಂದೇ ದಿನ ಹೇಗೆ ಬಾಯಿ ತಪ್ಪಿದರು? ಹೂದಾನಿ ಸರಿಸಿ ವಾಪಸು ಬಂದು ಕೂತವರು, ಮಂದಿಯ ಮುಂದೆ ನಿಂತಾಗ ಗಟ್ಟಿಯಾಗಿ ಮಾತಾಡು ಅಂದವರು?

ಇಷ್ಟು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದೆನಲ್ಲ, ಬಲೆ ಹಾಕಿದೆ ಎಂದು. ಅತ್ತೀ, ನಾನು ಇನ್ನೂ ಮುಗಿಸಿರಲಿಲ್ಲ. ನಿಮಗದು ಗೊತ್ತಿತ್ತು.

ಇದನ್ನು ಯೋಚಿಸುವ ಹೊತ್ತಿಗೆ ಚಹಾ ಆರಿ ಕೆನೆ ಕಟ್ಟಿತ್ತು. ಬೆರಳು ತಾನಾಗಿ ಮುಂದೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. ಕೆನೆ ಸಮೇತ ಪೂರಾ ಕುಡಿದೆ. ರುಚಿ ಏನೂ ಸುಧಾರಿಸಿಲ್ಲ.